ಅರವತ್ತರ ನಂತರದ ನಿಸರ್ಗಚಿತ್ರ

(ಮರಿಯಮ್ಮನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಗಳಲ್ಲಿ ಒಬ್ಬ ಕವಿಯ ಬಗ್ಗೆಯೋ ಶರಣರ ಬಗ್ಗೆಯೋ ಮಾತನಾಡುವುದು ವಾಡಿಕೆ. ಆದರೆ ನೀವು ಚಿತ್ರಕಲೆಗೆ, ಅದರಲ್ಲೂ ನಿವೃತ್ತರು ಬರೆಯುವ ನಿಸರ್ಗಚಿತ್ರಕ್ಕೆ ಒಂದು ಸಂಜೆಯನ್ನು ಮೀಸಲಿಟ್ಟಿದ್ದೀರಿ. ನಾನು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ದುಡಿದವನು. ಮಕ್ಕಳಿಗೆ ಹೂಕುಂಡ, ಗುಡಿಸಲು, ತೆಂಗಿನಮರ ಬರೆಯಲು ಕಲಿಸುತ್ತ ಸೇವಾವಧಿ ಮುಗಿಯಿತು. ಗುಡ್ಡದ ಮುಂದೆ ಕೂತು ಆ ಗುಡ್ಡವನ್ನೇ ಬರೆಯುವ ಕೆಲಸ ಸಿಕ್ಕಿದ್ದು ನಿವೃತ್ತಿಯಾದ ಮೇಲೆ. ಆದ್ದರಿಂದ ಈ ವಿಷಯದ ಮೇಲೆ ನನಗೆ ಪ್ರೀತಿಯಿದೆ, ಹೇಳಲೇಬೇಕೆಂಬ ಮಾತೂ ಇದೆ.

ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತರಿಗೆ ಚಿತ್ರಕಲೆ ಬರೀ ಕಾಲಕ್ಷೇಪವಾಗಿ ಉಳಿಯಬೇಕಿಲ್ಲ. ಒಂದು ಸೀಮೆಯಲ್ಲಿ ಹುಟ್ಟಿ, ದುಡಿದು, ವಯಸ್ಸಾದವರು ಆ ಸೀಮೆಯ ಒಂದು ಜಾಗವನ್ನು ಆರಿಸಿಕೊಂಡು, ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಬರೆದು, ಹಿಂಬದಿಯಲ್ಲಿ ತಾರೀಕು ಹಾಕಿ ಇಡುವುದು ಊರಿಗೆ ಬೇಕಾದ ಕೆಲಸ. ಅಣೆಕಟ್ಟು, ಗಣಿ, ಹೆದ್ದಾರಿಗಳಿಂದ ನೆಲದ ರೂಪವೇ ಬದಲಾಗಿರುವ ನಮ್ಮ ಸೀಮೆಯಲ್ಲಂತೂ ಈ ಕೆಲಸಕ್ಕೆ ಹಿರಿಯರಷ್ಟು ತಕ್ಕವರು ಬೇರೆ ಇಲ್ಲ.

1. ಪರದೆಯ ಮೇಲೆ ಕಂಡ ಕಾಡು

ಮರಿಯಮ್ಮನಹಳ್ಳಿ ಎಂದರೆ ನಾಟಕದ ಊರು. ವೃತ್ತಿ ರಂಗಭೂಮಿಯ ಕೆ. ನಾಗರತ್ನಮ್ಮನವರು ಇಲ್ಲಿಯವರು. ಜೋಗತಿ ಕಲೆಯನ್ನು ದೇಶಕ್ಕೆ ತೋರಿಸಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಊರೂ ಇದೇ. ಇಲ್ಲಿ ಕಲೆಯ ಬಗ್ಗೆ ಮಾತನಾಡುವವರು ಪೀಠಿಕೆ ಹಾಕಬೇಕಾಗಿಲ್ಲ. ಆದರೂ ಒಂದು ಸಂಗತಿಯನ್ನು ನೆನಪಿಸುತ್ತೇನೆ. ನಮ್ಮ ಭಾಗದ ಬಹಳ ಮಂದಿ ನಿಸರ್ಗಚಿತ್ರವನ್ನು ಮೊದಲು ಕಂಡದ್ದು ಗ್ಯಾಲರಿಯಲ್ಲಲ್ಲ, ಕಂಪನಿ ನಾಟಕದ ಪರದೆಯ ಮೇಲೆ. ಕಾಡಿನ ಪರದೆ, ಬೀದಿಯ ಪರದೆ, ಅರಮನೆಯ ಪರದೆ, ಕೈಲಾಸದ ಪರದೆ. ಹತ್ತಿರದ ಮರ ದೊಡ್ಡದು, ದೂರದ ಗುಡ್ಡ ಚಿಕ್ಕದು ಮತ್ತು ನೀಲಿ, ಬೀದಿ ಹೋಗುತ್ತ ಹೋಗುತ್ತ ಕಿರಿದಾಗಿ ಒಂದು ಬಿಂದುವಿನಲ್ಲಿ ಕೂಡುತ್ತದೆ. ದೂರವನ್ನು ಚಪ್ಪಟೆ ಬಟ್ಟೆಯ ಮೇಲೆ ತೋರಿಸುವ ಈ ವಿದ್ಯೆಯನ್ನು ಊರಿನ ಜನ ಟಿಕೆಟ್ಟು ಕೊಂಡು ರಾತ್ರಿಯಿಡೀ ನೋಡಿದ್ದಾರೆ.

ನಮ್ಮ ಹಳೆಯ ಚಿತ್ರ ಪರಂಪರೆಯಲ್ಲಿ ನಿಸರ್ಗಕ್ಕೆ ಇದ್ದ ಸ್ಥಾನ ಬೇರೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯನ್ನು ತಲೆಯೆತ್ತಿ ನೋಡಿ. ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಇದೆ, ಗಿರಿಜಾ ಕಲ್ಯಾಣವಿದೆ, ಅರ್ಜುನ ಮತ್ಸ್ಯಯಂತ್ರ ಭೇದಿಸುತ್ತಿದ್ದಾನೆ. ಅಲ್ಲಿ ಮುಖ್ಯರಾದವರು ದೇವರು, ಗುರು, ವೀರ. ಗಿಡ ಮರಗಳು ಅವರ ಹಿಂದೆ ನಿಂತಿವೆ. ಗುಡಿಯ ಹೊರಗಿರುವ ಹೇಮಕೂಟ, ನದಿ, ಬಂಡೆಗಳು ತಾವೇ ವಿಷಯವಾಗಿ ಚಿತ್ರದ ನಡುವೆ ಬಂದು ನಿಲ್ಲಲು ಬಹಳ ಕಾಲ ಬೇಕಾಯಿತು. ಕರ್ನಾಟಕದಲ್ಲಿ ಅದನ್ನು ಸಾಧಿಸಿದವರಲ್ಲಿ ಕೆ. ವೆಂಕಟಪ್ಪನವರ ಹೆಸರು ಮೊದಲು ಬರುತ್ತದೆ. ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರು ಊಟಿ, ಕೊಡೈಕೆನಾಲ್‌ಗಳ ಮಂಜು, ಬೆಳಗು, ಸಂಜೆಗಳನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನದೇ ಆರ್ಟ್ ಗ್ಯಾಲರಿ ಇದೆ. ಬೆಂಗಳೂರಿಗೆ ಹೋದವರು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

2. ರುಮಾಲೆಯವರು ಹಿಡಿದ ದಾರಿ

ಇಂದಿನ ವಿಷಯಕ್ಕೆ ವೆಂಕಟಪ್ಪನವರಿಗಿಂತ ಹತ್ತಿರದವರು ರುಮಾಲೆ ಚೆನ್ನಬಸವಯ್ಯನವರು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಹರೆಯದಲ್ಲಿ ಬೆಂಗಳೂರಿನ ಕಲಾಮಂದಿರದಲ್ಲಿ ಎ.ಎನ್. ಸುಬ್ಬರಾಯರ ಬಳಿ ಚಿತ್ರ ಕಲಿಯತೊಡಗಿದರು. ಆದರೆ ದೇಶ ಕರೆಯಿತು. ಕುಂಚ ಕೆಳಗಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು, ಸೆರೆಮನೆ ಕಂಡರು, ಸೇವಾದಳದಲ್ಲಿ ದುಡಿದರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಐವತ್ತು ದಾಟಿದ ಮೇಲೆ, 1962ರ ಸುಮಾರಿಗೆ, ರಾಜಕಾರಣವನ್ನು ಪೂರ್ತಿ ಬಿಟ್ಟು ಚಿತ್ರಕ್ಕೆ ಮರಳಿದರು. 1988ರಲ್ಲಿ ತೀರಿಕೊಳ್ಳುವವರೆಗೆ ಬೇರೆ ಕೆಲಸಕ್ಕೆ ಕೈಹಾಕಲಿಲ್ಲ.

ಅವರ ಬದುಕಿನಲ್ಲಿ ನಾವು ಗಮನಿಸಬೇಕಾದದ್ದು ಎರಡು. ಮೊದಲನೆಯದು, ಮರಳಿ ಬಂದಾಗ ಅವರು ಹವ್ಯಾಸಿಯಂತೆ ಬರಲಿಲ್ಲ. ಅಧಿಕಾರ, ಜನಸಂಪರ್ಕ, ಸಭೆ ಸಮಾರಂಭ ಎಲ್ಲವನ್ನೂ ಬಿಟ್ಟು ಬಂದರು. ಎರಡನೆಯದು, ಅವರು ಮನೆಯಲ್ಲಿ ಕೂತು ನೆನಪಿನಿಂದ ಬರೆದವರಲ್ಲ. ಬೆಂಗಳೂರಿನ ಉದ್ಯಾನ, ಬೀದಿಗಳಲ್ಲಿ ಹೂಬಿಟ್ಟ ಮರಗಳ ಮುಂದೆ ಬಣ್ಣ ಹರವಿಕೊಂಡು ನಿಂತರು. ಗುಲ್‌ಮೊಹರ್, ಟಬೂಬಿಯಾ, ಜಕರಂಡಗಳು ಯಾವ ತಿಂಗಳಲ್ಲಿ ಹೇಗೆ ಉರಿಯುತ್ತವೆ ಎಂಬುದು ಅವರ ಕ್ಯಾನ್ವಾಸಿನಲ್ಲಿ ದಪ್ಪ ಬಣ್ಣದ ತುಣುಕುಗಳಾಗಿ ನಿಂತಿದೆ. ಆ ಬೀದಿಗಳು ಅಗಲವಾಗಿ, ಹಲವು ಮರಗಳು ಉರುಳಿದ ಮೇಲೆ, ಅವರ ಚಿತ್ರಗಳು ಬೆಂಗಳೂರು ಹೇಗಿತ್ತು ಎಂಬುದಕ್ಕೆ ಸಾಕ್ಷಿಯೂ ಆಗಿವೆ. ಸಾಕ್ಷಿ ಹೇಳಬೇಕೆಂದು ಅವರು ಹೊರಟಿರಲಿಕ್ಕಿಲ್ಲ. ನಿಷ್ಠೆಯಿಂದ ನೋಡಿದ್ದರಿಂದ ಚಿತ್ರಗಳಿಗೆ ಆ ಬೆಲೆ ಬಂತು.

ವಯಸ್ಸಾದ ಮೇಲೆ ಇನ್ನೇನು ಕಲಿಯುವುದು ಎನ್ನುವವರಿಗೆ ಇನ್ನೂ ಇಬ್ಬರನ್ನು ನೆನಪಿಸುತ್ತೇನೆ. ರವೀಂದ್ರನಾಥ ಠಾಕೂರರು ಚಿತ್ರಕ್ಕೆ ಗಂಭೀರವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ. ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದಾಗ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಜಪಾನಿನ ಹೊಕುಸಾಯ್ ಫ್ಯೂಜಿ ಪರ್ವತದ ಮೂವತ್ತಾರು ನೋಟಗಳ ಪ್ರಸಿದ್ಧ ಮಾಲಿಕೆಯನ್ನು ಹೊರತಂದದ್ದು ಎಪ್ಪತ್ತರ ಆಸುಪಾಸಿನಲ್ಲಿ. ಅವರು ಚಿಕ್ಕಂದಿನಿಂದ ಚಿತ್ರ ಬರೆದವರೇ. ಆದರೆ ಒಂದೇ ಬೆಟ್ಟವನ್ನು ಮಳೆಯಲ್ಲಿ, ಗಾಳಿಯಲ್ಲಿ, ಅಲೆಯ ಹಿಂದೆ, ಮರಗೆಲಸದವರ ನಡುವಿನಿಂದ ಹೀಗೆ ಹಲವು ಕಡೆಯಿಂದ ನೋಡುವ ತಾಳ್ಮೆ ಆ ವಯಸ್ಸಿನಲ್ಲಿ ಫಲ ಕೊಟ್ಟಿತು.

3. ನಮ್ಮ ಕಡಲು, ಹಿನ್ನೀರು

ನಿಸರ್ಗಚಿತ್ರ ಬರೆಯುವವರಿಗೆ ಕಡಲ ತೀರದ ಮೇಲೆ ದೊಡ್ಡ ಮೋಹ. ಉತ್ತರ ಕನ್ನಡ, ಉಡುಪಿಗಳ ದಂಡೆಯಲ್ಲಿ ಈಸೆಲ್ ನಿಲ್ಲಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಹೋಗಿ ಬನ್ನಿ. ಆದರೆ ಇಲ್ಲಿಂದ ಕೂಗಳತೆಯಲ್ಲಿ ನಮ್ಮದೇ ಒಂದು ದಂಡೆ ಇದೆ. ತುಂಗಭದ್ರಾ ಜಲಾಶಯ ತುಂಬಿದಾಗ ಅದರ ಹರವು ಸುಮಾರು 378 ಚದರ ಕಿಲೋಮೀಟರು. ಗಾಳಿ ಎದ್ದರೆ ಅಲೆ ಏಳುತ್ತದೆ, ಆಚೆ ದಡ ಮಸುಕಾಗುತ್ತದೆ, ಮೀನುಗಾರರ ಹರಿಗೋಲು ಚುಕ್ಕೆಯಾಗುತ್ತದೆ. ಕಡಲ ಚಿತ್ರಕಾರ ಕಲಿಯಬೇಕಾದ ಪಾಠಗಳಲ್ಲಿ ಹೆಚ್ಚಿನವು ಇಲ್ಲಿಯೇ ಇವೆ.

ಈ ನೀರಿನ ಬಣ್ಣ ವರ್ಷವಿಡೀ ಒಂದೇ ಇರುವುದಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದು ಜುಲೈ, ಆಗಸ್ಟ್‌ನಲ್ಲಿ ಹೊಸ ನೀರು ಬಂದಾಗ ಕೆಂಪು ಮಣ್ಣು ಕಲಸಿದ ಬಣ್ಣ. ನವರಾತ್ರಿಯ ಹೊತ್ತಿಗೆ ಮಣ್ಣು ತಳಕ್ಕಿಳಿದು ನೀರು ಆಕಾಶವನ್ನು ತೋರಿಸತೊಡಗುತ್ತದೆ. ಕೆಲವು ವರ್ಷ ಪಾಚಿ ಬೆಳೆದು ನೀರಿಗೆ ನೀರೇ ಹಸಿರಾಗುತ್ತದೆ. ಚಳಿಗಾಲದಲ್ಲಿ ದೂರದ ದೇಶಗಳ ಹಕ್ಕಿಗಳು ಬಂದು ಅಂಚಿನ ಕೆಸರಿನಲ್ಲಿ ಇಳಿಯುತ್ತವೆ. ಯುಗಾದಿ ಕಳೆದ ಮೇಲೆ ನೀರು ಹಿಂದೆ ಸರಿದು ನೆಲ ಬಯಲಾಗುತ್ತದೆ. ಕೆಸರು ಒಣಗಿ ಬಿರುಕು ಬಿಡುತ್ತದೆ, ಕುರಿಗಳು ಬಂದು ಮೇಯುತ್ತವೆ. ಒಂದೇ ಕಲ್ಲಿನ ಮೇಲೆ ಕೂತು ವರ್ಷಕ್ಕೆ ನಾಲ್ಕು ಸಲ ಬರೆದರೆ ನಾಲ್ಕು ಬೇರೆ ಊರುಗಳ ಚಿತ್ರ ಬರೆದಂತೆ ಕಾಣುತ್ತದೆ.

ಈ ದಂಡೆಗೆ ವಯಸ್ಸು ಹೆಚ್ಚಿಲ್ಲ ಎಂಬುದನ್ನೂ ನೆನಪಿಡಬೇಕು. 1945ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು. ಅವುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಯ ಜನ ದೇವರ ಸಮೇತ ಇಲ್ಲಿಗೆ ಬಂದು ನೆಲೆಸಿದರು. ಇಂದಿಗೂ ಇಲ್ಲಿಯ ರಥೋತ್ಸವದಲ್ಲಿ ಆ ಊರಿನ ಹೆಸರು ಉಳಿದಿದೆ. 1953ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಮುಳುಗಿದ ಊರಿನ ಕೆರೆ ಏರಿ, ಹುಣಸೆಮರ, ಬಾವಿಕಟ್ಟೆ ಯಾವ ದಿಕ್ಕಿಗಿದ್ದವು ಎಂದು ಹೇಳಬಲ್ಲವರು ಇನ್ನು ಎಷ್ಟು ವರ್ಷ ಇರುತ್ತಾರೆ? ಅವರ ಪಕ್ಕದಲ್ಲಿ ಕೂತು, ಕೇಳಿ ಕೇಳಿ, ಒಂದು ನಕಾಶೆಯನ್ನಾದರೂ ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಕೆಲಸ ತುರ್ತಾಗಿ ಆಗಬೇಕು.

ಈಗ ಕಾಣುವ ದಂಡೆಯೂ ಹೀಗೇ ಇರುತ್ತದೆಂದು ನಂಬುವ ಹಾಗಿಲ್ಲ. ಕಟ್ಟಿದಾಗ ಜಲಾಶಯದ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮತ್ತೆ ತಡೆ ಕೂರಿಸುವವರೆಗೆ ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ರೈತರ ಎದೆ ಹೊಡೆದುಕೊಂಡ ದಿನಗಳವು. ಜಲಾಶಯದ ನೀರಿನ ಮಟ್ಟವನ್ನು ಇಲಾಖೆ ಅಂಕಿಯಲ್ಲಿ ದಾಖಲಿಸುತ್ತದೆ. ಆ ಅಂಕಿ ಇಳಿದಾಗ ಬದುವಿನ ಬಣ್ಣ, ಹರಿಗೋಲು ಕಟ್ಟುವ ಜಾಗ, ದಂಡೆಯ ಜನರ ನಿಲುವು ಹೇಗಿತ್ತು ಎಂಬುದನ್ನು ದಾಖಲಿಸುವವರು ಯಾರು?

4. ಬಂಡೆ, ಬೆಟ್ಟ, ಬಣ್ಣ

ನಮ್ಮ ಸುತ್ತ ಎರಡು ಬಗೆಯ ಕಲ್ಲುಗಳಿವೆ. ಚಿತ್ರಕಾರ ಇವೆರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕು. ಹಂಪಿ, ಆನೆಗೊಂದಿ, ಕಂಪ್ಲಿಯ ಕಡೆಗೆ ಇರುವುದು ಗ್ರಾನೈಟು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟು ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲಿನಲ್ಲಿ ಮೊದಲು ಉದ್ದಡ್ಡ ಬಿರುಕು ಬೀಳುತ್ತದೆ, ಬಿರುಕಿನಲ್ಲಿ ನೀರು ಇಳಿದು ಮೂಲೆಗಳು ಸವೆಯುತ್ತವೆ, ಸವೆದ ಮಣ್ಣು ಕೊಚ್ಚಿಹೋಗಿ ಗುಂಡುಗಳು ಒಂದರ ಮೇಲೊಂದು ಉಳಿಯುತ್ತವೆ. ಇಷ್ಟು ತಿಳಿದವರು ಬಂಡೆಯನ್ನು ಆಲೂಗಡ್ಡೆಯಂತೆ ಉರುಟಾಗಿ ಬರೆಯುವುದಿಲ್ಲ. ಉರುಟಿನ ಒಳಗಿರುವ ಚೌಕವನ್ನು ಹುಡುಕುತ್ತಾರೆ. ಹಾಗೆ ಹುಡುಕಿದಾಗ ಬಂಡೆಗೆ ತೂಕ ಬರುತ್ತದೆ. ಮಳೆನೀರು ಹರಿದ ಕಡೆ ಕಪ್ಪು ಪಟ್ಟೆಗಳಿರುತ್ತವೆ. ಬೆಳಗಿನಲ್ಲಿ ಬಂಡೆಗೆ ಗುಲಾಬಿ ಬೆರೆತ ಬೂದು, ನಡುಮಧ್ಯಾಹ್ನ ಕಣ್ಣು ಕುಕ್ಕುವ ಬಿಳುಪು, ಸಂಜೆ ಕಿತ್ತಳೆ. ನೆರಳಿನ ಬಣ್ಣವನ್ನು ಗಮನಿಸಿ. ಅದು ಕಪ್ಪಲ್ಲ, ಆಕಾಶದ ನೀಲಿ ಬಿದ್ದ ನೇರಳೆ.

ಸಂಡೂರಿನ ಬೆಟ್ಟಸಾಲು ಪೂರ್ತಿ ಬೇರೆ. ಅಲ್ಲಿ ಬಂಡೆ ಗುಂಡಾಗಿ ನಿಲ್ಲುವುದಿಲ್ಲ. ಉದ್ದವಾದ ಏಣು, ಇಳಿಜಾರು, ಮಳೆಗಾಲದಲ್ಲಿ ಹಸಿರು ಹುಲ್ಲಿನ ಹೊದಿಕೆ. ಒಳಗೆ ಪದರ ಪದರವಾಗಿ ಕಬ್ಬಿಣದ ಅದಿರು. ಅಗೆದ ಕಡೆಯಲ್ಲೆಲ್ಲ ಮೆಟ್ಟಿಲು ಮೆಟ್ಟಿಲಾದ ಕೆಂಪು ಗಾಯ. ಗಣಿಗಾರಿಕೆ ಮಿತಿ ಮೀರಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿ ಕೆಲಸವನ್ನೇ ನಿಲ್ಲಿಸುವಂತೆ ಆದೇಶಿಸಿದ್ದನ್ನು ಇಲ್ಲಿ ಕೂತಿರುವ ಎಲ್ಲರೂ ಬಲ್ಲಿರಿ. ಮುಂದೆ ನಿಬಂಧನೆಗಳೊಂದಿಗೆ ಕೆಲಸ ಮತ್ತೆ ಶುರುವಾಯಿತು. ಯಾವ ಏಣಿನ ಗೆರೆ ಯಾವ ವರ್ಷ ಎಲ್ಲಿಯವರೆಗೆ ಇತ್ತು ಎಂದು ಹೇಳುವ ಚಿತ್ರಗಳು ಊರಿನವರ ಕೈಯಿಂದ ಬಂದಿದ್ದರೆ ಅವುಗಳಿಗೆ ಇಂದು ಎಂಥ ಬೆಲೆ ಇರುತ್ತಿತ್ತು ಎಂದು ಯೋಚಿಸಿ.

ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ನೀವು ಅಂಗಡಿಯಲ್ಲಿ ಕೊಳ್ಳುವ ಯೆಲ್ಲೋ ಓಕರ್, ಲೈಟ್ ರೆಡ್, ಇಂಡಿಯನ್ ರೆಡ್, ಬರ್ನ್ಟ್ ಸಿಯೆನ್ನಾ ಇವೆಲ್ಲವೂ ಮೂಲತಃ ಕಬ್ಬಿಣದ ಆಕ್ಸೈಡುಗಳು. ಹಳದಿ ಮಣ್ಣನ್ನು ಸುಟ್ಟರೆ ಅದು ಕೆಂಪಾಗುತ್ತದೆ. ಸಂಡೂರಿನ ಬೆಟ್ಟವನ್ನು ಕೆಂಪಾಗಿಸಿರುವುದೂ ಅದೇ ಕಬ್ಬಿಣ. ಹಿರೇಬೆಣಕಲ್, ಆನೆಗೊಂದಿ ಸುತ್ತಿನ ಬಂಡೆಗಳ ಆಸರೆಯಲ್ಲಿ ಇತಿಹಾಸಪೂರ್ವದ ಜನ ಬರೆದ ಕೆಂಪು ಚಿತ್ರಗಳೂ ಕೆಮ್ಮಣ್ಣಿನವೇ. ಮನುಷ್ಯನಿಗೆ ದಕ್ಕಿದ ಬಣ್ಣಗಳಲ್ಲಿ ಇದರಷ್ಟು ಬಾಳಿಕೆ ಬರುವವು ಕಡಿಮೆ. ಬಿಸಿಲಿಗೆ ಮಾಸದ ಈ ಬಣ್ಣಗಳನ್ನೇ ನಿಮ್ಮ ಪ್ಯಾಲೆಟ್ಟಿನ ಆಧಾರ ಮಾಡಿಕೊಳ್ಳಿ. ಅವುಗಳ ಜೊತೆ ಒಂದು ಅಲ್ಟ್ರಾಮರೀನ್ ನೀಲಿ, ಒಂದು ತಿಳಿ ಹಳದಿ ಇದ್ದರೆ ನಮ್ಮ ಸೀಮೆಯ ಬಹುಪಾಲು ಬಣ್ಣ ಕಲಸಬಹುದು. ಅಲಿಜರಿನ್ ಕ್ರಿಮ್ಸನ್‌ನಂಥ ಬೇಗ ಮಾಸುವ ಕೆಂಪನ್ನು ಗಂಭೀರ ಕೆಲಸಕ್ಕೆ ಬಳಸಬೇಡಿ. ನಿಮ್ಮ ಚಿತ್ರವನ್ನು ಮೊಮ್ಮಕ್ಕಳ ಮಕ್ಕಳೂ ನೋಡಬೇಕು.

5. ಗೊತ್ತಿರುವುದನ್ನು ಬದಿಗಿಟ್ಟು ನೋಡುವುದು

ಹಿರಿಯರಿಗೆ ಇರುವ ದೊಡ್ಡ ಬಲ ನೆನಪು. ಇಲ್ಲಿ ಮೊದಲು ಮಾವಿನ ತೋಪಿತ್ತು, ಈ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತಿತ್ತು ಎಂದು ಅವರು ಬಲ್ಲರು. ಆದರೆ ಚಿತ್ರ ಬರೆಯಲು ಕೂತಾಗ ಅದೇ ತಿಳಿವಳಿಕೆ ಅಡ್ಡ ಬರುತ್ತದೆ. ಎಲೆ ಹಸಿರು ಎಂದು ಗೊತ್ತಿರುವುದರಿಂದ ಸಂಜೆಬಿಸಿಲಿನ ಎಲೆಯನ್ನೂ ಹಸಿರಿನಲ್ಲೇ ತುಂಬುತ್ತೇವೆ. ನೀರು ನೀಲಿ ಎಂದು ಕಲಿತಿರುವುದರಿಂದ ಜುಲೈ ತಿಂಗಳ ಕೆಂಪು ಹೊಳೆಯನ್ನೂ ನೀಲಿ ಮಾಡುತ್ತೇವೆ. ಗುಡಿಗೆ ಇಷ್ಟು ಕಂಬ ಎಂದು ಗೊತ್ತಿದ್ದರೆ, ಕಾಣದ ಕಂಬವನ್ನೂ ಬರೆದುಬಿಡುತ್ತೇವೆ. ನಲವತ್ತು ವರ್ಷ ಕಚೇರಿಯಲ್ಲಿ, ತರಗತಿಯಲ್ಲಿ, ಆಸ್ಪತ್ರೆಯಲ್ಲಿ ಗೊತ್ತಿರುವುದನ್ನು ಹೇಳುತ್ತ ಬಂದವರಿಗೆ, ಗೊತ್ತಿಲ್ಲದವರಂತೆ ನೋಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಗಂಭೀರ ಅಭ್ಯಾಸ ಶುರುವಾಗುವುದು ಇಲ್ಲಿ.

ಅಭ್ಯಾಸದ ಕ್ರಮ ಸರಳ. ಕಣ್ಣನ್ನು ಅರೆಮುಚ್ಚಿ ನೋಡಿ. ವಿವರಗಳು ಕರಗಿ ಬೆಳಕು, ನಡು, ಕತ್ತಲೆ ಎಂಬ ಮೂರು ಪಾಲು ಉಳಿಯುತ್ತದೆ. ಅಂಗೈಯಗಲದ ಚೌಕದಲ್ಲಿ ಪೆನ್ಸಿಲಿನಿಂದ ಆ ಮೂರನ್ನು ಮಾತ್ರ ಬರೆಯಿರಿ. ಇಂಥ ಪುಟ್ಟ ಚಿತ್ರ ಸರಿಯಾಗುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ. ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕು. ಎಲ್ಲಕ್ಕಿಂತ ಹೊಳೆಯುವ ಜಾಗಕ್ಕೆ ಬಣ್ಣವೇ ಬೇಡ, ಕಾಗದದ ಬಿಳಿ ಉಳಿಸಿ. ನೀರಿನ ಆಚೆ ಅಂಚು ಯಾವಾಗಲೂ ಮಟ್ಟವಾಗಿರಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಜಲಾಶಯ ಚೆಲ್ಲಿಹೋದಂತೆ ಕಾಣುತ್ತದೆ. ದೂರದ ಗುಡ್ಡ ತಿಳಿಯಾಗುತ್ತ ನೀಲಿಯಾಗುತ್ತದೆ ಎಂಬುದು ನಿಯಮ ನಿಜ. ಆದರೆ ನಮ್ಮಲ್ಲಿ ಏಪ್ರಿಲ್ ತಿಂಗಳ ಧೂಳಿನಲ್ಲಿ ಅದು ಕಂದು ಬೆರೆತ ಬಿಳುಪಾಗಿ ಕಾಣುತ್ತದೆ. ಮೊದಲ ಮಳೆ ಬಿದ್ದ ಮರುದಿನ ಅದೇ ಗುಡ್ಡ ಒಂದು ಹರದಾರಿ ಹತ್ತಿರ ಬಂದು ನಿಂತಿರುತ್ತದೆ. ನಿಯಮವನ್ನು ಕಲಿಯಿರಿ, ಕೊನೆಯ ತೀರ್ಪನ್ನು ಕಣ್ಣಿಗೆ ಬಿಡಿ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821, 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನು ಬರೆಯುತ್ತ ಕೂತರು. ಆ ಪುಟ್ಟ ಚಿತ್ರಗಳಲ್ಲಿ ಹಲವುಗಳ ಹಿಂಬದಿಯಲ್ಲಿ ತಾರೀಕು, ಗಂಟೆ, ಗಾಳಿ ಬೀಸಿದ ದಿಕ್ಕು ಬರೆದಿದ್ದಾರೆ. ಈ ಒಂದು ರೂಢಿಯನ್ನು ನೀವೆಲ್ಲ ಹಚ್ಚಿಕೊಳ್ಳಬೇಕೆಂದು ನನ್ನ ವಿನಂತಿ. ಲೆಕ್ಕಪತ್ರ, ಹಾಜರಿ, ರಿಜಿಸ್ಟರು ಇಟ್ಟು ಪಳಗಿದ ಕೈಗಳಿಗೆ ಇದು ಹೊಸದೇನಲ್ಲ.

ಹಂಪಿಯ ಬಗ್ಗೆಯೂ ಒಂದು ಮಾತು. ಅಲ್ಲಿಗೆ ಹೋದವರೆಲ್ಲ ಕಲ್ಲಿನ ರಥವನ್ನೇ ಬರೆಯುತ್ತಾರೆ. ಶುರುವಿಗೆ ಅದನ್ನು ಬಿಟ್ಟುಬಿಡಿ. ತುರ್ತು ಕಾಲುವೆಯ ದಡಕ್ಕೆ ಹೋಗಿ. ವಿಜಯನಗರದ ಅರಸರ ಕಾಲದ ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿದು ಬಾಳೆ, ಕಬ್ಬು, ಭತ್ತ ಬೆಳೆಯುತ್ತದೆ. ಕಮಲಾಪುರದ ಕೆರೆ ಏರಿಯ ಮೇಲೆ ಕೂತುಕೊಳ್ಳಿ. ಕಂಪ್ಲಿಯ ಗದ್ದೆಬಯಲಿನಲ್ಲಿ ನಾಟಿಯ ದಿನಗಳಲ್ಲಿ ನಿಂತ ನೀರು ಆಕಾಶವನ್ನು ಹೇಗೆ ತುಂಡು ತುಂಡಾಗಿ ಹಿಡಿಯುತ್ತದೆ ನೋಡಿ. ಹೆಸರಾಂತ ಸ್ಮಾರಕದ ಮುಂದೆ ಕೂತಾಗ ಹಿಂದೆ ಕಂಡ ನೂರು ಫೋಟೋಗಳು ಕಣ್ಣಿಗೆ ಅಡ್ಡ ಬರುತ್ತವೆ. ಬಾಳೆ ತೋಟದ ಮುಂದೆ ಆ ಅಡ್ಡಿ ಇರುವುದಿಲ್ಲ.

6. ಕಣ್ಣು, ಕೈ, ಮೊಣಕಾಲು

ವಯಸ್ಸಾದ ದೇಹದಿಂದ ಈ ಕೆಲಸ ಮಾಡುವ ಬಗೆಯನ್ನೂ ಬಿಚ್ಚಿ ಹೇಳಬೇಕು. ವರ್ಷ ಕಳೆದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ನೀಲಿ ಬೆಳಕು ಒಳಗೆ ಕಡಿಮೆ ಹೋಗುತ್ತದೆ, ನೀಲಿ ಹಸಿರುಗಳ ನಡುವಿನ ಸೂಕ್ಷ್ಮ ಭೇದ ಮಸುಕಾಗುತ್ತದೆ. ಫ್ರಾನ್ಸಿನ ಕ್ಲಾಡ್ ಮೊನೆ ಅವರಿಗೆ ಕಣ್ಣಿನ ಪೊರೆ ಬಂದಾಗ ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಿ, ಪ್ಯಾಲೆಟ್ಟಿನಲ್ಲಿ ಪ್ರತಿ ಬಣ್ಣಕ್ಕೂ ಒಂದೇ ಜಾಗ ಗೊತ್ತು ಮಾಡಿಕೊಂಡು ಕೆಲಸ ಮುಂದುವರಿಸಿದರು. 1923ರಲ್ಲಿ, ಎಂಬತ್ತು ದಾಟಿದ ಮೇಲೆ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನೀವೂ ಬಣ್ಣಗಳಿಗೆ ಕಾಯಂ ಜಾಗ ಮಾಡಿಕೊಳ್ಳಿ. ಪೊರೆ ಇದ್ದರೆ ವೈದ್ಯರ ಬಳಿ ಹೋಗಿ, ಮುಂದೂಡಬೇಡಿ. ಇಂದು ಅದು ಸಣ್ಣ ಶಸ್ತ್ರಚಿಕಿತ್ಸೆ.

ಕೈ ನಡುಗುವವರು ಸಣ್ಣ ಕುಂಚ ಬಿಟ್ಟು ದೊಡ್ಡ ಕುಂಚ ಹಿಡಿಯಿರಿ. ಬೆರಳಿನಿಂದ ಬರೆಯದೆ ಭುಜದಿಂದ ಬರೆಯಿರಿ. ಕಲ್ಲನ್ನು ಕಲ್ಲಿನ ಹಾಗೆ ಕಾಣಿಸಲು ನೂರು ಗೆರೆಗಿಂತ ಧೈರ್ಯದ ಒಂದು ವಾಶ್, ಅಂದರೆ ನೀರುಬಣ್ಣದ ಒಂದು ಅಗಲ ಪದರ, ಮೇಲು. ನೆಲದ ಮೇಲೆ ಕೂರಲಾಗದವರು ಮಡಚುವ ಕುರ್ಚಿ ಒಯ್ಯಿರಿ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೂರ್ಯೋದಯಕ್ಕೆ ಕೂತು, ನೆರಳು ಗಿಡ್ಡವಾಗುವ ಮೊದಲು ಎದ್ದುಬಿಡಿ. ಬೆಳಕಿನ ಚೆಲುವೂ ಆ ಹೊತ್ತಿನಲ್ಲೇ. ಒಬ್ಬರೇ ಹೋಗಬೇಡಿ, ನೀರಿನ ಅಂಚಿನಲ್ಲಿ ಕೆಸರು ನಂಬಬೇಡಿ. ಕಾಗದದ ವಿಷಯದಲ್ಲಿ ಜಿಪುಣತನ ಬೇಡ. ತೆಳು ಡ್ರಾಯಿಂಗ್ ಶೀಟು ನೀರು ತಾಕಿದೊಡನೆ ಉಬ್ಬುತ್ತದೆ. 300 ಜಿಎಸ್‌ಎಂ ತೂಕದ ಹತ್ತಿಯ ಕಾಗದ ತಂದು, ಪೂರ್ಣ ಹಾಳೆಯನ್ನು ನಾಲ್ಕು ಮಾಡಿ, 28 ಬೈ 38 ಸೆಂಟಿಮೀಟರಿನ ತುಂಡಿನಲ್ಲಿ ಬರೆಯಿರಿ. ನಮ್ಮ ಒಣಹವೆಯಲ್ಲಿ ವಾಶ್ ನಿಮಿಷಗಳಲ್ಲಿ ಆರಿಹೋಗುವುದರಿಂದ ಸಣ್ಣ ಅಳತೆಯೇ ಸರಿ.

ತಾಯಂದಿರಿಗೆ ಬೇರೆಯಾಗಿ ಒಂದು ಮಾತು. ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ ಇದೆ, ಮನೆಗೆಲಸಕ್ಕೆ ಇಲ್ಲ. ಶಿಕ್ಷಕಿಯಾಗಿ, ನರ್ಸ್ ಆಗಿ ನಿವೃತ್ತರಾದವರೂ ಮರುದಿನದಿಂದ ಮೊಮ್ಮಕ್ಕಳ ಬುತ್ತಿ ಕಟ್ಟುತ್ತಾರೆ. ಆದರೆ ಈ ಸಭೆಯಲ್ಲಿ ಚಿತ್ರದ ಕೈ ಹೆಚ್ಚು ಪಳಗಿರುವುದು ಅವರದೇ. ದಿನವೂ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆದವರಿಗೆ ಅಳತೆ, ಸಮತೋಲ, ಒಂದೇ ಉಸಿರಿನ ಗೆರೆ ಕಲಿಸಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಹೆಣ್ಣುಮಕ್ಕಳಿಗೆ ಬಣ್ಣದ ಪಕ್ಕ ಬಣ್ಣ ಇಡುವುದನ್ನು ಯಾವ ಕಲಾಶಾಲೆಯೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಬೇಕಾದದ್ದು ವಾರಕ್ಕೆ ಎರಡು ಬೆಳಗು. ಅಂದು ಮನೆಯ ಕೆಲಸವನ್ನು ಗಂಡ, ಮಗ, ಸೊಸೆ ಹಂಚಿಕೊಳ್ಳಬೇಕು. ಇದನ್ನು ನಾನು ಬೇಡಿಕೆಯಾಗಿಯೇ ಹೇಳುತ್ತಿದ್ದೇನೆ.

7. ಅದೇ ಜಾಗದಲ್ಲಿ ಎರಡನೇ ಸಲ

ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲಿ ಒಂದು ಫೋಟೋ ಸಾಲದೇ ಎಂದು ಕೇಳುವವರಿದ್ದಾರೆ. ಅವರಿಗೆ ಫೋಟೋದ ಇತಿಹಾಸದಿಂದಲೇ ಉತ್ತರ ಕೊಡುತ್ತೇನೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಫೋಟೋ ತೆಗೆದರು. ಹಳೆಯ ಫೋಟೋದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ, ಈಗ ಇಲ್ಲ. ಒಂದು ಫೋಟೋ ಇನ್ನೊಂದರ ಪಕ್ಕಕ್ಕೆ ಬಂದಾಗ ಎರಡಕ್ಕೂ ಬೆಲೆ ಹೆಚ್ಚಿತು. ಯಾರೋ ಒಬ್ಬರು ಆ ಜಾಗಕ್ಕೆ ಮರಳಿ ಹೋಗುವ ಶ್ರಮ ತೆಗೆದುಕೊಂಡದ್ದರಿಂದ ಅದು ಸಾಧ್ಯವಾಯಿತು.

ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಮೊಬೈಲಿನ ಫೋಟೋ ಒಂದು ಕ್ಷಣದ್ದು, ತೆಗೆದವನು ಅಲ್ಲಿ ನಿಂತದ್ದೂ ಒಂದು ಕ್ಷಣ. ಚಿತ್ರ ಬರೆಯುವವನು ಎರಡು ಗಂಟೆ ಕೂರುತ್ತಾನೆ. ಅಷ್ಟರಲ್ಲಿ ನೆರಳು ಸರಿಯುತ್ತದೆ, ಕುರಿ ಕಾಯುವವ ಬಂದು ಪಕ್ಕದಲ್ಲಿ ನಿಂತು, ಹೋದ ವರ್ಷ ನೀರು ಆ ಜಾಲಿಮರದವರೆಗೆ ಇತ್ತು ಎಂದು ತೋರಿಸುತ್ತಾನೆ. ಅದೂ ಚಿತ್ರದ ಹಿಂಬದಿಗೆ ಸೇರುತ್ತದೆ. ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ಪ್ರತಿ ನಿಮಿಷ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರಗಳಲ್ಲಿ ಒಬ್ಬ ಮನುಷ್ಯ ಆ ನೆಲದಲ್ಲಿ ಕಳೆದ ಅರವತ್ತು ವರ್ಷವೂ ಇರುತ್ತದೆ.

8. ಊರು ಮಾಡಬಹುದಾದದ್ದು

ಕೊನೆಗೆ ಕೆಲವು ಸಲಹೆಗಳು. ಹೊಸಪೇಟೆ, ಸಂಡೂರು, ಕಂಪ್ಲಿ, ಮರಿಯಮ್ಮನಹಳ್ಳಿಗಳಲ್ಲಿ ನಿವೃತ್ತರು ಐದಾರು ಜನರ ಪುಟ್ಟ ಗುಂಪು ಕಟ್ಟಿಕೊಳ್ಳಲಿ. ಪ್ರತಿ ಗುಂಪೂ ತನ್ನದೆಂದು ಒಂದು ಜಾಗ ಆರಿಸಲಿ: ಹಿನ್ನೀರಿನ ಒಂದು ದಂಡೆ, ಜೋಳದರಾಶಿ ಗುಡ್ಡದ ಒಂದು ನೋಟ, ಸಂಡೂರಿನ ಒಂದು ಏಣು, ಕಂಪ್ಲಿಯ ಹೊಳೆದಂಡೆ. ಆ ಜಾಗವನ್ನು ಮಳೆಗಾಲ, ನವರಾತ್ರಿ, ಸಂಕ್ರಾಂತಿ, ಯುಗಾದಿಯ ಸುಮಾರಿಗೆ ತಪ್ಪದೆ ಬರೆಯಲಿ. ಪ್ರತಿ ಚಿತ್ರದ ಹಿಂದೆ ತಾರೀಕು, ಗಂಟೆ, ನಿಂತ ಜಾಗ, ಅಂದು ಕೇಳಿದ ಮಾತು ದಾಖಲಾಗಲಿ. ಊರಿನ ಗ್ರಂಥಾಲಯದಲ್ಲಿ ಇವನ್ನು ಇಡಲು ಒಂದು ಕಪಾಟನ್ನು ಕೇಳೋಣ. ಶಾಲೆಯ ಮಕ್ಕಳು ಬಂದು ತೆರೆದು ನೋಡುವಂತಿರಲಿ, ಗೋಡೆಯ ಅಲಂಕಾರವಾಗಿ ಮರೆಯಾಗದಿರಲಿ. ವರ್ಷಕ್ಕೊಮ್ಮೆ, ನಾಟಕದ ಹಬ್ಬ ನಡೆಯುವಾಗ, ರಂಗಮಂದಿರದ ಅಂಗಳದಲ್ಲಿ ಅವುಗಳ ಪ್ರದರ್ಶನ ಆಗಲಿ. ಪರದೆಯ ಮೇಲಿನ ಕಾಡನ್ನು ನೋಡಿ ಬೆಳೆದ ಊರು ತನ್ನದೇ ಗುಡ್ಡ, ತನ್ನದೇ ನೀರನ್ನು ಅಲ್ಲಿ ನೋಡಲಿ.

ಚೆನ್ನಾಗಿ ಬರೆಯಲು ಬರುತ್ತದೋ ಇಲ್ಲವೋ ಎಂಬ ಚಿಂತೆಯಿಂದ ಯಾರೂ ಹಿಂದೆ ಉಳಿಯಬಾರದು. ಹತ್ತು ವರ್ಷ ಒಂದೇ ಜಾಗಕ್ಕೆ ಹೋಗಿ ಬರೆದವರ ಕೈ ಖಂಡಿತ ತಿದ್ದುತ್ತದೆ. ತಿದ್ದುವ ಮುಂಚಿನ ಚಿತ್ರಗಳೂ ವ್ಯರ್ಥವಲ್ಲ. ನೀರು ಆ ದಿನ ಎಲ್ಲಿಯವರೆಗಿತ್ತು ಎಂಬುದನ್ನು ಅವೂ ಹೇಳುತ್ತವೆ. ಈ ಸಭೆಯಲ್ಲಿರುವ ನಿವೃತ್ತರಿಗೆ ನನ್ನ ಕೋರಿಕೆ ಇಷ್ಟೇ: ಈ ವಾರದೊಳಗೆ ನಿಮ್ಮ ಜಾಗ ಯಾವುದೆಂದು ತೀರ್ಮಾನಿಸಿ, ಮುಂದಿನ ವಾರ ಅಲ್ಲಿ ಹೋಗಿ ಕೂತುಕೊಳ್ಳಿ. ಜೊತೆಗೆ ಬರಲು ನಾನು ಸಿದ್ಧನಿದ್ದೇನೆ.